ಎಂಬತ್ತೇಳಕ್ಕೆ ಒಂದು

ಜನವರಿ ೬

ಅಣ್ಣಾ,

ಮೊದಲು ಸುದ್ದಿ, ಆಮೇಲೆ ಕ್ಷೇಮಸಮಾಚಾರ. ಅರ್ಜಿ ಒಪ್ಪಿಕೊಂಡರು! ಹನ್ನೊಂದು ವರ್ಷಗಳ ಮೇಲೆ ಅಪ್ಪನ ಕಡತವನ್ನು ಮತ್ತೆ ಬಿಚ್ಚುತ್ತಾರೆ. ಏಪ್ರಿಲ್ ಇಪ್ಪತ್ತಕ್ಕೆ ವಿಚಾರಣೆ.

ರೈಲ್ವೆ ಕಚೇರಿಯ ಗುಮಾಸ್ತ ನನ್ನ ಮುಖವನ್ನು ಎಂಟನೆಯ ಸಲ ನೋಡಿ ಸುಸ್ತಾಗಿದ್ದ. "ಮತ್ತೆ ಬಂದ್ಯಾ ತಾಯಿ? ನಿಮ್ಮಪ್ಪ ಕೆಂಪು ದೀಪ ದಾಟಿ ಬಂದ್ರು, ಪಕ್ಕದ ಸೈಡಿಂಗ್ ಹಳಿಲಿ ನಿಂತಿದ್ದ ಕಲ್ಲಿನ ವ್ಯಾಗನ್ನಿಗೆ ಗುದ್ದಿದ್ರು, ಹೋದ್ರು. ಇದರಲ್ಲಿ ಹೊಸದೇನಿದೆ?" ಎಂದ.

"ದೀಪ ಕಂಡೇ ಇಲ್ಲ ಅವರಿಗೆ. ತಿರುವಲ್ಲಿ ಗೋದಾಮು ಅಡ್ಡ ಇತ್ತು," ಎಂದೆ.

"ಎಲ್ಲಿದೆ ಆ ಗೋದಾಮು?"

"ನೀವೇ ಕೆಡವಿದ್ರಲ್ಲ. ಹಳಿನೂ ಕಿತ್ತು ಹಾಕಿದ್ರಿ."

ಅವನಿಗೂ ನಗು ಬಂತು. "ನಕ್ಷೆನೋ ಮಾದರಿನೋ ಏನಾದ್ರೂ ತಗೊಂಡು ಬಾ, ಸಾಹೇಬ್ರು ನೋಡ್ತಾರೆ. ಬರೀ ಬಾಯಿಮಾತಿಗೆ ಇಲ್ಲಿ ಯಾರೂ ಕುರ್ಚಿ ಹಾಕಲ್ಲ."

ಮಾದರಿ! ಆ ಮಾತು ಕಿವಿಗೆ ಬಿದ್ದದ್ದೇ ನೀನು ನೆನಪಾದೆ. ಜಗತ್ತು ಹೊತ್ತಿ ಉರಿಯುವಾಗ ಮಹಡಿ ಕೋಣೆಯಲ್ಲಿ ಆಟಿಕೆ ರೈಲು ಬಿಡುತ್ತ ಕೂತವನು ಎಂದು ನಿನ್ನನ್ನು ಎಷ್ಟು ಸಲ ಆಡಿಕೊಂಡಿದ್ದೇನೆ! ಈಗ ನೋಡು, ಆ ಸ್ಟೇಷನ್ನು ಭೂಮಿಯ ಮೇಲೆ ಉಳಿದಿರುವುದು ನಿನ್ನ ಮೇಜಿನ ಮೇಲೆ ಮಾತ್ರ. ಹಳಿ ಕೀಳುವ ಮೊದಲು ಟೇಪು ಹಿಡಿದು ಅಂಗುಲ ಅಂಗುಲ ಅಳೆದು ತಂದು ಕಟ್ಟಿದವನು ನೀನು.

ಅವತ್ತು ನೀನು ಅಲ್ಲೇ ಪಾಯಿಂಟ್ಸ್‌ಮನ್ ಆಗಿದ್ದೆ, ಹಳಿ ತಿರುಗಿಸಿ ಸಿಗ್ನಲ್ ಎಳೆಯುವ ಕೆಲಸ. ಹತ್ತೊಂಬತ್ತು ವರ್ಷ. ಎಲ್ಲವನ್ನೂ ಕಣ್ಣಾರೆ ಕಂಡವನನ್ನು ಮತ್ತೆ ಅಲ್ಲಿಗೆ ಎಳೆದೊಯ್ಯಬಾರದೆಂದು ಈ ತನಕ ನಾನು ಏನೂ ಕೇಳಿರಲಿಲ್ಲ. ಈಗ ಕೇಳುತ್ತೇನೆ. ಅಪ್ಪನ ಗಾಡಿಯನ್ನು ನಿನ್ನ ಹಳಿಯ ಮೇಲೆ ಅವತ್ತಿನ ಹಾಗೆಯೇ ಓಡಿಸು. ಗೋದಾಮು ದೀಪವನ್ನು ಎಲ್ಲಿಯವರೆಗೆ ಮರೆಮಾಡುತ್ತದೆ ಎಂದು ಅಳೆದು, ಫೋಟೊ ತೆಗೆದು ಕಳಿಸು.

ಎಂಜಿನ್ ಶೆಡ್ಡಿನ ಗೋಡೆಯ ಮೇಲೆ ಕೆಲಸದಲ್ಲಿ ಸತ್ತ ಮೂವತ್ತೊಂದು ಡ್ರೈವರುಗಳ ಹೆಸರಿದೆ. ಅಪ್ಪನದಿಲ್ಲ. ಅದನ್ನು ಬರೆಸದೆ ನಾನು ಬಿಡುವುದಿಲ್ಲ. ಸತ್ತ ದುಡಿಮೆಗಾರನ ತಲೆಗೆ ತಪ್ಪು ಕಟ್ಟುವುದು ಆಳುವವರ ಅತಿ ಅಗ್ಗದ ಚಾಳಿ. ನಾನು ಅಚ್ಚು ಜೋಡಿಸುವ ಪ್ರೆಸ್ಸಿಗೆ ಬಂದ ಒಂದು ಪುಸ್ತಿಕೆಯಲ್ಲಿ ಹಾಗೆಂದಿದೆ. ಅದನ್ನು ಓದುವ ಮೊದಲೇ ನನಗದು ಗೊತ್ತಿತ್ತು.

ಅಮ್ಮನ ಮೊಣಕಾಲು ಹೇಗಿದೆ?

ನಿನ್ನ ತಂಗಿ


ಜನವರಿ ೧೯

ಕರಪತ್ರದ ಮಹಾರಾಣಿಗೆ ಅಣ್ಣನ ನಮಸ್ಕಾರಗಳು.

ಅಮ್ಮನ ಮೊಣಕಾಲು ಹಾಗೇ ಇದೆ. ಮೆಟ್ಟಿಲು ಹತ್ತಬೇಡ ಎಂದರೂ ಕೇಳದೆ ದಿನಾ ಸಂಜೆ ಮಹಡಿಗೆ ಬಂದು ನನ್ನ ಮೇಜಿನ ಪಕ್ಕ ಕೂರುತ್ತಾಳೆ. ಮೊನ್ನೆ ಪಕ್ಕದ ಮನೆಯ ಬೆಕ್ಕು ಸುರಂಗದೊಳಗೆ ಮಲಗಿ ಗೂಡ್ಸ್ ಗಾಡಿಯನ್ನು ಅರ್ಧ ಗಂಟೆ ತಡೆಯಿತು. ಓಡಿಸಲು ಹೋದರೆ ಅಮ್ಮ, "ಬೇಡ ಕಣೋ, ಸ್ಟೇಷನ್ ಮಾಸ್ಟ್ರು ಈಗ ತಾನೇ ನಿದ್ದೆ ಹೋಗಿದಾರೆ," ಎಂದಳು.

ನೀನು ಆಟಿಕೆ ಎನ್ನುತ್ತೀಯ. ಇದು ಕೊಡುವ ಕಾಟ ನಿನಗೆ ಗೊತ್ತಿಲ್ಲ. ಚಳಿ ಬಿದ್ದರೆ ಹಳಿ ಕುಗ್ಗುತ್ತದೆ, ಬಿಸಿಲು ಬಿದ್ದರೆ ಉಬ್ಬುತ್ತದೆ. ಎರಡು ದಿನ ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸದಿದ್ದರೆ ಧೂಳಿಗೆ ಕರೆಂಟು ಹರಿಯುವುದಿಲ್ಲ. ಸೇತುವೆಯ ಹತ್ತಿರದ ಒಂದು ಜೋಡಣೆಯಲ್ಲಿ ಮೂರನೆಯ ಬೋಗಿಯೇ ಯಾಕೆ ಹಳಿ ತಪ್ಪುತ್ತದೆ ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಅದರ ಚಕ್ರಕ್ಕೆ ಅಮ್ಮನದೊಂದು ಬಿಳಿ ಕೂದಲು ಸುತ್ತಿಕೊಂಡಿತ್ತು.

ಆದರೆ ಎಲ್ಲ ಸರಿಯಿದ್ದ ದಿನ ಹನ್ನೆರಡು ವ್ಯಾಗನ್ನಿನ ಗಾಡಿ ಹೊರಡುವಾಗ ಕೊಂಡಿಗಳು ಒಂದೊಂದಾಗಿ ಬಿಗಿಯುತ್ತ ಟಿಕ್, ಟಿಕ್, ಟಿಕ್ ಎಂದು ಸದ್ದು ಕೊನೆಯವರೆಗೆ ಹೋಗುತ್ತದಲ್ಲ, ಅದಕ್ಕಾಗಿ ಏನು ಬೇಕಾದರೂ ಸಹಿಸಬಹುದು.

ನನ್ನ ಲೆಕ್ಕ ಎಂಬತ್ತೇಳಕ್ಕೆ ಒಂದು. ಅಲ್ಲಿಯ ಎಂಬತ್ತೇಳು ಅಡಿ ಇಲ್ಲಿ ಒಂದಡಿ. ಈ ಲೆಕ್ಕ ತಪ್ಪಿದರೆ ಆಟಿಕೆ, ತಪ್ಪದಿದ್ದರೆ ರೈಲು. ಅದಕ್ಕೇ ನೀನು ಕೇಳಿದ್ದು ಆಗುವುದಿಲ್ಲ ಪುಟ್ಟಿ. ನನ್ನ ಹತ್ತಿರ ಹನ್ನೊಂದು ಎಂಜಿನ್ನುಗಳಿವೆ, ಅಪ್ಪನ ಆ ಉದ್ದ ಮೂತಿಯ ಕಪ್ಪು ಎಂಜಿನ್ ಮಾತ್ರ ಇಲ್ಲ. ಅದನ್ನು ತಯಾರಿಸುವುದನ್ನೇ ನಿಲ್ಲಿಸಿದ್ದಾರೆ. ಬೇರೆ ಎಂಜಿನ್ ಇಟ್ಟರೆ ಡ್ರೈವರನ ಕಣ್ಣಿನ ಎತ್ತರ ಬದಲಾಗುತ್ತದೆ, ನೀನು ತೋರಿಸುವುದೆಲ್ಲ ಸುಳ್ಳಾಗುತ್ತದೆ.

ಅಮ್ಮನಿಗೂ ಹಳೆಯದನ್ನು ಕೆದಕುವುದು ಬೇಡವಾಗಿದೆ. ಯೋಚಿಸು.

ಅಣ್ಣ


ಫೆಬ್ರವರಿ ೨

ಅಣ್ಣಾ,

ನೆಪ ಮುಗಿಯಿತು. ಈ ಪತ್ರದ ಹಿಂದೆಯೇ ಒಂದು ಪಾರ್ಸೆಲ್ ಬರುತ್ತಿದೆ. ಒಳಗೆ ಏನಿದೆ ಎಂದು ಹೇಳಲೇ? ಉದ್ದ ಮೂತಿ. ಕಪ್ಪು.

ಎರಡು ಭಾನುವಾರ ಈ ಊರಿನ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದೆ. ಕೊನೆಗೆ ಅದು ಇದ್ದದ್ದು ನಮ್ಮ ಪ್ರೆಸ್ಸಿನ ಹಿಂದಿನ ಬೀದಿಯ ಗಡಿಯಾರ ರಿಪೇರಿಯವರ ಗಾಜಿನ ಪೆಟ್ಟಿಗೆಯಲ್ಲಿ, ನಿಂತುಹೋದ ಹತ್ತಾರು ಗಡಿಯಾರಗಳ ನಡುವೆ.

"ಅದು ಮಾರೋದಲ್ಲಮ್ಮ, ನೋಡೋದು."

"ಎಷ್ಟು ವರ್ಷದಿಂದ ನೋಡ್ತಿದೀರಿ?"

"ಒಂದಿಪ್ಪತ್ತು ವರ್ಷ."

"ಸಾಕಾಗಿಲ್ವಾ?"

ಮುದುಕರಿಗೆ ಸಿಟ್ಟು ಬಂತು. ಕೂತು ಅಪ್ಪನ ಕಥೆ ಹೇಳಿದೆ. ಅವರು ಎದ್ದು, ಎಂಜಿನ್ನನ್ನು ತಲೆಕೆಳಗೆ ಹಿಡಿದು ಎರಡು ತಂತಿ ತಾಗಿಸಿದರು. ನನ್ನೆದುರೇ ಚಕ್ರಗಳು ಗರಗರ ತಿರುಗಿದವು. "ಓಡಿಸೋರಿಗೆ ಅಂತ ಕೊಡ್ತಿದೀನಿ. ಪೆಟ್ಟಿಗೆಲಿ ಇಡೋದಾದ್ರೆ ನನ್ನ ಪೆಟ್ಟಿಗೆನೇ ಸಾಕಿತ್ತು ಅಂತ ನಿಮ್ಮಣ್ಣಂಗೆ ಹೇಳು," ಎಂದರು. ಬದಲಿಗೆ ಎರಡು ರಜಾದಿನ ಕೂತು ಅವರ ಅಂಗಡಿಯ ಚೀಟಿಗಳಿಗೆ ಅಚ್ಚು ಜೋಡಿಸಿಕೊಡಬೇಕು.

ನಾಚಿಕೆ ಬಿಟ್ಟು ಹೇಳುತ್ತೇನೆ: ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಡ್ರೈವರ್ ನಿಲ್ಲುವ ಕಿಟಕಿಯೊಳಗೆ ಬೆರಳ ತುದಿ ಹಾಕಿ ನೋಡಿದೆ. ಪಕ್ಕದ ಹೆಂಗಸು, "ಮಗುಗಾ?" ಎಂದು ಕೇಳಿದರೆ, "ಇಲ್ಲ, ನಮ್ಮಪ್ಪಂಗೆ," ಎಂದುಬಿಟ್ಟೆ. ನಿನ್ನದು ಅಂಟುರೋಗ.

ಇನ್ನು ಅಮ್ಮನ ವಿಷಯ. ಅವಳ ಮೌನ ಅವಳದಲ್ಲ, ಅವಳ ಮೇಲೆ ಹೇರಿದ್ದು. ಬೀದಿಯ ಜನ "ಕೆಂಪು ದೀಪದವನ ಹೆಂಡತಿ" ಎಂದದ್ದನ್ನು ಕೇಳಿ ಕೇಳಿ ಬಾಯಿ ಕಟ್ಟಿಕೊಂಡವಳು. ಅವಳ ಪರವಾಗಿಯೂ ನಾನೇ ಮಾತಾಡುತ್ತೇನೆ.

ಬೇಗ ಓಡಿಸು. ಬೇಗ ಬರೆ.

ತಂಗಿ


ಫೆಬ್ರವರಿ ೨೬

ಪುಟ್ಟಿ,

ಪಾರ್ಸೆಲ್ ಬಂದು ಎರಡು ವಾರವಾಯಿತು. ತಡವಾದುದಕ್ಕೆ ಬೈಯಬೇಡ. ನಾನು ಕೆಲಸ ಮಾಡುವ ಪಾರ್ಸೆಲ್ ಆಫೀಸಿಗೇ ಬಂತು. ನಾನೇ ಸಹಿ ಹಾಕಿ ನಾನೇ ಬಿಡಿಸಿಕೊಂಡೆ. ಜೊತೆಯವರು, "ಏನಯ್ಯಾ, ನಿನಗೆ ನೀನೇ ಉಡುಗೊರೆ ಕಳಿಸ್ಕೊಂಡ್ಯಾ?" ಎಂದು ನಕ್ಕರು.

ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. "ಇಲ್ಲಿ ನಿಂತ್ಕೊತಿದ್ರು," ಎಂದಳು.

ಎಂಜಿನ್ ಓಡುತ್ತಿಲ್ಲ. ಮೋಟಾರು ಸುಟ್ಟಿದೆ. ದಾರಿಯಲ್ಲಿ ಏಟು ಬಿದ್ದಿರಬೇಕು. ಪಾಪ, ಗಡಿಯಾರದವರನ್ನು ಕೇಳಲು ಹೋಗಬೇಡ.

ಓಡದಿದ್ದರೇನು, ನಿಲ್ಲಿಸಿ ಫೋಟೊ ತೆಗೆಯಬಹುದಲ್ಲ ಎನ್ನುತ್ತೀಯೆಂದು ಗೊತ್ತು. ಅದಕ್ಕೇ ನಾಲ್ಕು ಫೋಟೊ ಇಟ್ಟಿದ್ದೇನೆ. ಎಲ್ಲವೂ ಡ್ರೈವರನ ಕಿಟಕಿಯ ಎತ್ತರದಿಂದ ತೆಗೆದವು. ಸೇತುವೆಯ ಮೇಲೆ ಒಂದು, ತಿರುವಿನಲ್ಲಿ ಎರಡು, ಗೋದಾಮಿನ ಪಕ್ಕ ಒಂದು. ಅಳತೆಗಳನ್ನು ಹಿಂದೆ ಬರೆದಿದ್ದೇನೆ. ಇವುಗಳಿಂದ ನಿನಗೆ ಪ್ರಯೋಜನವಾಗಲಾರದು.

ಅಣ್ಣ


ಮಾರ್ಚ್ ೪

ಅಣ್ಣಾ,

ಕಾರ್ಡು ಚಿಕ್ಕದು, ಖುಷಿ ದೊಡ್ಡದು. ಫೋಟೊ ತಲುಪಿದವು. ಎಷ್ಟು ಚೆನ್ನಾಗಿ ಕಟ್ಟಿದ್ದೀಯೋ ಮಾರಾಯ! ನಲ್ಲಿಯ ಕೆಳಗಿನ ಕೆಸರು ಸಹ ಇದೆ. ಆಟಿಕೆ ಎಂದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಭಾನುವಾರ ಹೊಗೆಮೀಸೆ ತಾತನ ಮನೆಗೆ ಹೋಗುತ್ತೇನೆ. ನಲವತ್ತು ವರ್ಷ ಇದೇ ಎಂಜಿನ್ ಓಡಿಸಿ ನಿವೃತ್ತರಾದವರು. ದೀಪ ಕಾಣುವುದಿಲ್ಲ ಎಂದು ಅವರು ಬರೆದುಕೊಟ್ಟರೆ ಕಚೇರಿಯವರು ಬಾಯಿ ಮುಚ್ಚಲೇಬೇಕು. ಅಮ್ಮನಿಗೆ ಹೇಳು, ಇನ್ನು ಒಂದೂವರೆ ತಿಂಗಳು.

ತಂಗಿ


ಮಾರ್ಚ್ ೧೭

ಅಣ್ಣಾ,

ತಾತ ಅಡುಗೆಮನೆಯ ಮೇಜಿನ ಮೇಲೆ ಫೋಟೊಗಳನ್ನು ಸಾಲಾಗಿ ಇಟ್ಟುಕೊಂಡು, ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿದರು. ಚಹಾ ಆರಿ ಕೆನೆಗಟ್ಟಿತು.

"ಸೇತುವೆ ಮೇಲಿಂದಾನೇ ದೀಪ ಕಾಣ್ತದಲ್ಲ ಮಗಳೇ," ಎಂದರು.

"ಇಲ್ಲ ತಾತ, ಗೋದಾಮು..."

"ಗೋದಾಮು ಹಳಿಯಿಂದ ದೂರ ಹಿಂದಿದೆ. ಕಾಣುತ್ತೆ. ಕುರುಡನ್ನ ಬಿಟ್ಟು ಯಾರಿಗಾದ್ರೂ ಕಾಣುತ್ತೆ. ನಿಮ್ಮಪ್ಪ ಕುಡೀತಿದ್ರಾ?"

"ಒಂದು ತೊಟ್ಟು ಇಲ್ಲ!"

"ನಿದ್ದೆಗೆಟ್ಟಿದ್ರಾ?"

"ಆಗ ತಾನೇ ಡ್ಯೂಟಿ ಹತ್ತಿದ್ರು."

"ಹಂಗಾದ್ರೆ ನಂಗೆ ಅರ್ಥವಾಗ್ತಿಲ್ಲ. ಕಂಡ ಕೆಂಪಿಗೆ ನಿಲ್ಲದೇ ಇರೋ ಡ್ರೈವರನ್ನ ನಾನು ನೋಡಿಲ್ಲ," ಎಂದು ಫೋಟೊಗಳನ್ನು ನನ್ನ ಕಡೆಗೆ ತಳ್ಳಿದರು. ಬರೆದುಕೊಡಲಿಲ್ಲ.

ಎರಡು ದಿನ ಸ್ಕೇಲು ಹಿಡಿದು ಕೂತೆ. ನಿನ್ನ ಗೋದಾಮು ಹಳಿಯ ಕಡೆಗೆ ಒಂದು ಬೆರಳಿನಷ್ಟು ಸರಿದರೆ ಸಾಕು. ದೀಪ ಮರೆಯಾಗುತ್ತದೆ. ಒಂದು ಬೆರಳು ಅಂದರೆ ನಿಜದಲ್ಲಿ ಐದಡಿ. ಕೆಡವಿ ಹಾಕಿದ ಕಟ್ಟಡ ಐದಡಿ ಆಚೆಯಿತ್ತೋ ಈಚೆಯಿತ್ತೋ ಎಂದು ಈಗ ಯಾರು ಹೇಳಬಲ್ಲರು?

ಸರಿಸು ಅಣ್ಣ. ಸರಿಸಿ ಇನ್ನೊಮ್ಮೆ ಫೋಟೊ ತೆಗೆ. ಅವರು ಹನ್ನೊಂದು ವರ್ಷ ಬೆಟ್ಟದಷ್ಟು ಸುಳ್ಳು ಹೇಳಿದ್ದಾರೆ. ಅದರೆದುರು ನಾವು ಒಂದು ಬೆರಳು ಸುಳ್ಳು ಹೇಳಿದರೆ ಏನಾಗುತ್ತದೆ? ನಾನು ಓದಿದ ಯಾವ ಪುಸ್ತಿಕೆಯೂ ಹೀಗೆ ಮಾಡು ಎನ್ನುವುದಿಲ್ಲ. ಇದನ್ನು ಬರೆಯುತ್ತಿರುವ ಕೈ ನನ್ನದೆಂದು ನನಗೇ ನಂಬಿಕೆಯಾಗುತ್ತಿಲ್ಲ. ಆದರೂ ಕೇಳುತ್ತಿದ್ದೇನೆ.

ತಂಗಿ


ಮಾರ್ಚ್ ೨೯

ಪುಟ್ಟಿ,

ಆಗುವುದಿಲ್ಲ. ಗೋದಾಮು ಇದ್ದದ್ದು ಅಲ್ಲೇ. ಅರ್ಜಿಯನ್ನು ಹಿಂದಕ್ಕೆ ತೆಗೆದುಕೋ.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು.

ಅಣ್ಣ


ಏಪ್ರಿಲ್ ೩

ಅಣ್ಣನೆನಿಸಿಕೊಂಡವನಿಗೆ,

ಮೂರು ಸಾಲು! ಹನ್ನೆರಡು ದಿನ ಕಾಯಿಸಿ ಮೂರು ಸಾಲು.

ನಿನಗೆ ಅಪ್ಪನಿಗಿಂತ ಗೋದಾಮು ಹೆಚ್ಚಾಯಿತು. ರಟ್ಟು, ಅಂಟು, ಬಣ್ಣದ ಗೋದಾಮು. ಅಷ್ಟು ಸತ್ಯವಂತನಾದ ನೀನು ಅವತ್ತು ವಿಚಾರಣೆಯಲ್ಲಿ ಏನು ಹೇಳಿದೆ? "ದೀಪ ಕೆಂಪಿತ್ತು, ಗಾಡಿ ನಿಲ್ಲಲಿಲ್ಲ." ಸ್ವಂತ ಮಗನೇ ಹೇಳಿದ ಮೇಲೆ ಇನ್ನೇನು ಎಂದು ಕಡತ ಮುಚ್ಚಿದರು. ಹುಡುಗ, ಹೆದರಿದ್ದ, ಮೇಲಿನವರು ಹೇಳಿಸಿದರು ಎಂದು ನಾನು ಕಂಡಕಂಡವರ ಮುಂದೆ ನಿನ್ನ ಪರ ವಾದಿಸಿದ್ದೇನೆ. ಈಗ ನಿನ್ನ ವಯಸ್ಸು ಮೂವತ್ತು. ಇನ್ನೂ ಯಾರ ಭಯ?

ನಿನಗೆ ಹತ್ತೊಂಬತ್ತು ವರ್ಷ ಅಪ್ಪ ಸಿಕ್ಕರು. ಮೊದಲ ಎಂಜಿನ್ ತಂದುಕೊಟ್ಟರು, ಹಳಿ ಜೋಡಿಸುವುದನ್ನು ಕಲಿಸಿದರು. ನನಗೆ ಸಿಕ್ಕದ್ದು ಹನ್ನೆರಡು ವರ್ಷ, ಆಮೇಲೆ "ಗುದ್ದಿಸಿದವನ ಮಗಳು" ಎಂಬ ಹೆಸರು. ಇಬ್ಬರಲ್ಲಿ ಅಪ್ಪನಿಗಾಗಿ ಓಡಾಡುತ್ತಿರುವವರು ಯಾರು, ನೋಡಿಕೋ.

ಇಪ್ಪತ್ತಕ್ಕೆ ಬರಿಗೈಯಲ್ಲಾದರೂ ಹೋಗುತ್ತೇನೆ. ನಿನ್ನ ಉತ್ತರ ಬೇಡ.


ಏಪ್ರಿಲ್ ೧೦

ತಂಗೀ,

ದೀಪ ಹಸಿರಿತ್ತು.

ಕಲ್ಲಿನ ವ್ಯಾಗನ್ನುಗಳನ್ನು ಸೈಡಿಂಗಿಗೆ ಬಿಡಿಸಿ ಬಂದಿದ್ದೆ. ಆಮೇಲೆ ಹಳಿ ಕವಲೊಡೆಯುವ ಪಾಯಿಂಟನ್ನು ಸೈಡಿಂಗಿನಿಂದ ಮತ್ತೆ ಮೇನ್ ಲೈನಿಗೆ ತಿರುಗಿಸಬೇಕಿತ್ತು. ಮರೆತೆ. ಪಾಯಿಂಟು ಸರಿಯಿಲ್ಲದಿದ್ದರೆ ಸಿಗ್ನಲ್ಲಿನ ಲಿವರ್ ಅಲುಗದ ಹಾಗೆ ಒಂದು ಬೀಗವಿರುತ್ತದೆ. ಆ ವಾರ ರಿಪೇರಿಗೆಂದು ಅದನ್ನು ಬಿಚ್ಚಿದ್ದರು. ಬೀಗವಿಲ್ಲವೆಂದು ನನಗೆ ಗೊತ್ತಿತ್ತು, ನೋಡಿಕೊಂಡು ಮಾಡಬೇಕಿತ್ತು. ಆಗ ಸೇತುವೆಯ ಆಚೆ ಅಪ್ಪನ ಸೀಟಿ ಕೇಳಿಸಿತು. ಎರಡು ಉದ್ದ, ಒಂದು ಚಿಕ್ಕದು. ನನ್ನ ಪಾಳಿ ಇದ್ದ ದಿನ ಮಾತ್ರ ಅಪ್ಪ ಹಾಗೆ ಊದುತ್ತಿದ್ದರು. ಖುಷಿಯಿಂದ ಓಡಿಹೋಗಿ ಲಿವರ್ ಎಳೆದೆ. ಹಸಿರು ಕೊಟ್ಟೆ. ಅವರು ಅದನ್ನು ನೋಡಿಕೊಂಡೇ ಬಂದರು.

ಸದ್ದಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಅಪ್ಪನ ಹತ್ತಿರ ಓಡಿದ್ದಲ್ಲ. ಲಿವರನ್ನು ಹಿಂದಕ್ಕೆ ತಳ್ಳಿ ಕೆಂಪು ಮಾಡಿದ್ದು.

ಮೇಲಿನವರು ಯಾರೂ ನನ್ನ ಬಾಯಲ್ಲಿ ಹೇಳಿಸಲಿಲ್ಲ ಪುಟ್ಟಿ. ನಾನೇ ಹೇಳಿದೆ. ಆ ವಾರವೇ ಅಮ್ಮನಿಗೆ ನಿಜ ತಿಳಿಸಿದೆ. ಅವಳು ಗೋಡೆಗೆ ಒರಗಿ ಕೂತೇ ಇದ್ದಳು. ಆಮೇಲೆ, "ಮುಖ ತೊಳ್ಕೊಂಡು ಬಾ. ಪುಟ್ಟಿ ಸ್ಕೂಲಿಂದ ಬರೋ ಹೊತ್ತಾಯ್ತು," ಎಂದಳು. ಅವಳ ಮೌನ ಯಾರೂ ಹೇರಿದ್ದಲ್ಲ. ನನ್ನನ್ನು ಉಳಿಸಿಕೊಳ್ಳಲು ಅವಳೇ ಆರಿಸಿಕೊಂಡದ್ದು.

ಆ ಸ್ಟೇಷನ್ನನ್ನು ನಾನು ನೆನಪಿಗೆಂದು ಕಟ್ಟಲಿಲ್ಲ. ದಿನಾ ಸಂಜೆ ಅಪ್ಪನ ಗಾಡಿ ಬಿಡುತ್ತೇನೆ. ಮೊದಲು ಪಾಯಿಂಟನ್ನು ಮೇನ್ ಲೈನಿಗೆ ತಿರುಗಿಸುತ್ತೇನೆ, ಆಮೇಲೆ ಹಸಿರು. ಗಾಡಿ ನೇರ ಬಂದು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತದೆ. ಅದನ್ನು ನೋಡಲು ಅಮ್ಮ ಮೆಟ್ಟಿಲು ಹತ್ತಿ ಬರುತ್ತಾಳೆ. ನೀನು ಕಳಿಸಿದ ಎಂಜಿನ್ ಸುಟ್ಟಿಲ್ಲ. ಕೈಯಿಟ್ಟ ಕೂಡಲೇ ಓಡಿತು. ಅದು ಸೇತುವೆ ದಾಟಿ ಬರುತ್ತಿದ್ದಂತೆ ಅಮ್ಮ, "ನಿಲ್ಸೋ, ನಿಲ್ಸೋ," ಎಂದು ಕಿರುಚಿದಳು. ಬೇರೆ ಎಂಜಿನ್ನುಗಳಲ್ಲಿ ಇಬ್ಬರೂ ಹೇಗೋ ನಟಿಸುತ್ತಿದ್ದೆವು. ಅದರಲ್ಲಿ ಆಗಲಿಲ್ಲ.

ಗೋದಾಮು ಸರಿಸು ಎಂದೆ ನೀನು. ಸರಿಸಿದ್ದರೆ ಅಪ್ಪನ ಹೆಸರೂ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ. ನೀನು ಕೇಳುವ ಮೊದಲೇ ನನಗದು ಹೊಳೆದಿತ್ತು. ಫೋಟೊ ತೆಗೆಯುವ ಮುಂಚೆ ಒಂದು ಬೆರಳು ಸರಿಸಿ, ಅಂಟು ಹಚ್ಚಿ ಮೂರು ದಿನ ಇಟ್ಟೆ. ಆ ಕೋಣೆಗೆ ಕಾಲಿಡಲಾಗಲಿಲ್ಲ. ಬಾಯಲ್ಲಿ ಹೇಳಿದ ಸುಳ್ಳನ್ನು ಹನ್ನೊಂದು ವರ್ಷ ಹೊತ್ತವನಿಗೆ ಇದನ್ನು ಮೂರು ದಿನ ಹೊರಲಾಗಲಿಲ್ಲ. ಯಾಕೆ ಎಂದು ಹೇಳಲು ಬರುವುದಿಲ್ಲ. ನಾನು ಸುಳ್ಳು ಹೇಳದೆ ಇದ್ದದ್ದು ಆ ಮೇಜಿನ ಮೇಲೆ ಮಾತ್ರ. ಅದೂ ಹೋದರೆ ನನಗೆ ನಿಲ್ಲಲು ಜಾಗವಿರಲಿಲ್ಲ. ಚಾಕುವಿನಿಂದ ಕೆರೆದು ತೆಗೆದು ಇದ್ದಲ್ಲೇ ಇಟ್ಟೆ.

ಇದೆಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಈ ಪತ್ರದ ಜೊತೆ ಇಟ್ಟಿದ್ದೇನೆ. ನಾನೇ ಕಚೇರಿಗೆ ಕಳಿಸಬೇಕಿತ್ತು. ಎರಡು ಸಲ ಅಂಚೆಪೆಟ್ಟಿಗೆಯವರೆಗೆ ಹೋಗಿ ಬಂದೆ. ಕೊಡುವುದೂ ಬಿಡುವುದೂ ನಿನಗೆ ಸೇರಿದ್ದು. ಈ ಭಾರವನ್ನೂ ಇನ್ನೊಬ್ಬರ ತಲೆಗೇ ಕಟ್ಟುತ್ತಿದ್ದೇನೆಂದು ಗೊತ್ತಿದೆ.

ಅಣ್ಣ


ಏಪ್ರಿಲ್ ೨೧

ಮೇಲೆ ಏನೆಂದು ಬರೆಯಲಿ ಎಂದು ತಿಳಿಯದೆ ಜಾಗ ಬಿಟ್ಟಿದ್ದೇನೆ.

ನಿನ್ನ ಪತ್ರ ಹದಿಮೂರಕ್ಕೆ ಬಂತು. ಆ ದಿನ ಪ್ರೆಸ್ಸಿನಲ್ಲಿ ಒಂದಿಡೀ ಪುಟದ ಅಚ್ಚುಮೊಳೆ ಕೈಜಾರಿ ಚೆಲ್ಲಿದೆ. ಮಾಲೀಕರು, "ಏನಾಗಿದೆ ನಿಂಗಿವತ್ತು?" ಎಂದು ಗದರಿದರು. "ಅಪರಾಧಿ ಯಾರೇ ಆಗಿರಲಿ, ಹೆಸರು ಹೇಳಿ" ಎಂಬ ಸಾಲನ್ನು ನಾನೇ ಎಷ್ಟು ಸಲ ಜೋಡಿಸಿದ್ದೇನೋ ಲೆಕ್ಕವಿಲ್ಲ. ಯಾರೇ ಆಗಿರಲಿ ಎಂದಾಗಲೆಲ್ಲ ನನ್ನ ಕಣ್ಣಿಗೆ ದೊಡ್ಡ ಕುರ್ಚಿಯವನೇ ಬರುತ್ತಿದ್ದ. ಸೀಟಿ ಕೇಳಿ ಖುಷಿಯಿಂದ ಓಡುವ ಹತ್ತೊಂಬತ್ತರ ಹುಡುಗ ಒಮ್ಮೆಯೂ ಬಂದಿರಲಿಲ್ಲ.

ನಿನ್ನೆ ಹೋದೆ. ಸಾಹೇಬರು ನಿನ್ನ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಇವರು ನಿಮಗೆ ಏನಾಗಬೇಕು?"

"ಅಣ್ಣ."

"ಒಡಹುಟ್ಟಿದವರಾ?"

"ಹೂಂ."

ಅವರು ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ಜರುಗಿಸಿದರು. "ನಾನು ಇನ್ನೂ ಇದಕ್ಕೆ ಸೀಲು ಹಾಕಿಲ್ಲಮ್ಮ. ಹಾಕಿದ್ರೆ ವಾಪಸ್ ಇಲ್ಲ. ಅವರ ಕೆಲಸ ಹೋಗುತ್ತೆ, ಕೇಸು ನಡೆಯುತ್ತೆ. ಮಧ್ಯಾಹ್ನ ಎರಡು ಗಂಟೆವರೆಗೆ ಹೊರಗೆ ಕೂತ್ಕೊಂಡು ಬನ್ನಿ."

ಕೂತೆ. ಗುಮಾಸ್ತ ಒಂದು ಲೋಟ ನೀರು ತಂದಿಟ್ಟ. ಅವನ ಬಾಯಿಂದ ನಿನ್ನೆ ಒಂದೂ ಕುಹಕ ಬರಲಿಲ್ಲ. ಆ ಒಂದೂವರೆ ಗಂಟೆಯಲ್ಲಿ ನಾನು ಸಿದ್ಧಾಂತ ಯೋಚಿಸಲಿಲ್ಲ. ಬಾಯಿಪಾಠ ಮಾಡಿದ ಒಂದು ಸಾಲೂ ನೆನಪಿಗೆ ಬರಲಿಲ್ಲ. ಹಾಳೆಯನ್ನು ಹರಿದು ಹಾಕಿ ಬಸ್ಸು ಹತ್ತಬೇಕೆಂದು ಎರಡು ಸಲ ಎದ್ದೆ. ಆದರೆ ಅಪ್ಪ ಆ ಹಸಿರನ್ನು ನಂಬಿದರು, ಅದು ಯಾರ ಕೈ ಕೊಟ್ಟದ್ದೆಂದು ಗೊತ್ತಿದ್ದೇ ನಂಬಿದರು. ನಂಬಿದ್ದಕ್ಕೆ ಅವರನ್ನು ಕುರುಡ, ಕುಡುಕ ಎಂದು ಜನ ಇನ್ನೂ ಹೇಳುತ್ತಿರಲಿ ಎಂದು ಬಿಟ್ಟು ಬರಲು ನನ್ನಿಂದಾಗಲಿಲ್ಲ.

ಎರಡು ಗಂಟೆಗೆ ಒಳಗೆ ಹೋಗಿ ಕೊಟ್ಟೆ. ಸೀಲಿನ ಸದ್ದು ಕೇಳಿದೆ.

ಹೊರಗೆ ಗುಮಾಸ್ತ, "ಗೆದ್ಯಲ್ಲಮ್ಮ, ಇನ್ನು ಗೋಡೆ ಮೇಲೆ ಹೆಸರು ಬರುತ್ತೆ..." ಎಂದು ಶುರು ಮಾಡಿದವನು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಸೋಮವಾರ ನಿನ್ನನ್ನು ಕರೆದೊಯ್ಯಲು ಪೊಲೀಸರು ಬರುತ್ತಾರಂತೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಇಲ್ಲ ಎಂದು ಬರೆಯಲೂ ಬರುತ್ತಿಲ್ಲ. ನನಗೆ ಹೆಚ್ಚು ನೋವಾಗಿರುವುದು ಯಾವುದಕ್ಕೆ ಗೊತ್ತೇ? ನೀವಿಬ್ಬರೂ ಹನ್ನೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅತ್ತಿದ್ದೀರಿ. ನನ್ನನ್ನು ಹೊರಗೆ ನಿಲ್ಲಿಸಿ ಘೋಷಣೆ ಕೂಗಲು ಬಿಟ್ಟಿದ್ದೀರಿ.

ಅಮ್ಮನಿಗೆ ನೀನು ಏನೂ ಹೇಳಬೇಡ. ಕೊಟ್ಟವಳು ನಾನು, ನಾನೇ ಹೇಳುತ್ತೇನೆ. ಅವಳು ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಶನಿವಾರ ಕೆಲಸ ಮುಗಿಸಿ ಹೊರಟು ಭಾನುವಾರ ಬೆಳಿಗ್ಗೆ ಅಲ್ಲಿರುತ್ತೇನೆ. ನೀನು ಬಸ್‌ಸ್ಟ್ಯಾಂಡಿಗೆ ಬರಬೇಡ, ಅಷ್ಟು ಜನರ ಮುಂದೆ ನನಗೆ ಅಳಲು ಇಷ್ಟವಿಲ್ಲ. ಮನೆಯಲ್ಲೇ ಇರು. ಎಲ್ಲಿಗೂ ಹೋಗಬೇಡ, ಏನನ್ನೂ ಮಾಡಿಕೊಳ್ಳಬೇಡ, ಕೇಳಿಸಿತೇ? ನಾನು ಬರುವವರೆಗೆ ಇರು. ಸೋಮವಾರಕ್ಕೆ ಮುಂಚೆ ನಮಗೆ ಪೂರ್ತಿ ಒಂದು ದಿನವಿದೆ.

ತಂಗಿ